ಜಗಲಿ ಯಜಮಾನನ ಗೂಡಿಗೆ ಹೋಗಿ ಬಂದದ್ದು

ತೆರಕಣಾಂಬಿ

ಸ್ಕಾಟ್ಲೆಂಡಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿದವರಿಗೆಲ್ಲ ಕೋಟೆ ನೋಡಿದೆ, ಬೆಟ್ಟ ನೋಡಿದೆ ಎಂದು ಹೇಳಿ ಪಾರಾಗುತ್ತೇನೆ. ನಿಜ ಹೇಳಿದರೆ ಕೂರಿಸಿಕೊಂಡು ಪೂರ್ತಿ ಹೇಳಬೇಕಾಗುತ್ತದೆ. ನಾನು ಹೋದದ್ದು ಗೆಳತಿ ಸೂಸಿಯ ಮನೆಗೆ. ಆದರೆ ಅಲ್ಲಿ ನನ್ನ ಪಾಲಿಗೆ ಬಂದ ಕೆಲಸವೆಂದರೆ ಒಂದು ಗಿಡುಗನ ಮರಿ ಗೂಡು ಬಿಟ್ಟು ಹಾರಿತೋ ಇಲ್ಲವೋ ಎಂದು ಕಣ್ಣಾರೆ ಕಂಡು ನಮ್ಮೂರು ತೆರಕಣಾಂಬಿಗೆ ವರದಿ ಒಪ್ಪಿಸುವುದು. ನಮ್ಮ ದೊಡ್ಡಮ್ಮನ ಕಣ್ಣು ಆ ವರದಿಯ ಮೇಲೆ ನಿಂತಿತ್ತು.

ಸೂಸಿಯೂ ನಾನೂ ಮೈಸೂರಿನಲ್ಲಿ ನರ್ಸಿಂಗ್ ಕಲಿಯುವಾಗ ಒಂದೇ ಕೋಣೆಯಲ್ಲಿದ್ದವರು. ಅವಳದು ಗುಂಡ್ಲುಪೇಟೆ ದಾಟಿ ಕಾಡು ಹಾದು ಹೋದರೆ ಸಿಗುವ ಸುಲ್ತಾನ್ ಬತ್ತೇರಿ. ರಜೆಗೆ ಊರಿಗೆ ಹೊರಟವಳು ಸುತ್ತು ಹಾಕಿಕೊಂಡು ತೆರಕಣಾಂಬಿಗೆ ಬಂದು, ದೊಡ್ಡಮ್ಮನ ಕೈಯ ಅವರೆಕಾಳು ಸಾರು ಉಂಡೇ ಮುಂದಕ್ಕೆ ಹೋಗುತ್ತಿದ್ದಳು. ಆಮೇಲೆ ಅವಳು ಸ್ಕಾಟ್ಲೆಂಡ್ ಸೇರಿದಳು. ನಾನು ಚಾಮರಾಜನಗರದ ಆಸ್ಪತ್ರೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತಳಾದೆ. ಮೂರು ವರ್ಷದ ಹಿಂದೆ ಅವಳು ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿದಳು. ಅವಳ ಸೀಮೆಯ ಒಂದು ದೊಡ್ಡ ಕೆರೆ, ಅದರ ದಂಡೆಯಲ್ಲಿ ಪೈನ್ ಮರ, ಮರದ ನೆತ್ತಿಯಲ್ಲಿ ಮೀನು ಹಿಡಿಯುವ ಗಿಡುಗಗಳ ಗೂಡು, ಗೂಡಿನ ಪಕ್ಕ ಒಂದು ಕ್ಯಾಮೆರಾ. ಹಗಲೆಲ್ಲ ಅಲ್ಲಿ ನಡೆಯುವುದು ಆ ಕ್ಷಣದಲ್ಲೇ ನಮ್ಮ ಫೋನಿನಲ್ಲಿ.

ನನ್ನನ್ನು ಬೆಳೆಸಿದವಳು ದೊಡ್ಡಮ್ಮ. ಭಾನುವಾರ ಹೋದಾಗ ಅವಳಿಗೆ ತೋರಿಸಿದೆ. ಅಷ್ಟೇ ನಾನು ಮಾಡಿದ್ದು. ಮಾರನೆಯ ವಾರ ಹೋಗುವಷ್ಟರಲ್ಲಿ ದೊಡ್ಡಪ್ಪನ ಫೋನು ಜಗಲಿಯ ಮೇಲೆ ಬೇಳೆ ಡಬ್ಬಕ್ಕೆ ಒರಗಿ ಕೂತಿತ್ತು. ದಿನಾ ಮಧ್ಯಾಹ್ನ ಅದನ್ನು ಹಚ್ಚಿಕೊಡುವುದು ದೊಡ್ಡಪ್ಪ, ನೋಡುವುದು ದೊಡ್ಡಮ್ಮ. ನಾವು ಲಿಂಗವಂತರು, ಮಾಂಸ ಮೀನು ಮುಟ್ಟುವವರಲ್ಲ. ಗೂಡಿಗೆ ಮೀನು ಬಂದ ಕೂಡಲೆ ದೊಡ್ಡಮ್ಮ ಒಂದು ಸ್ಟೀಲ್ ತಟ್ಟೆಯನ್ನು ಫೋನಿಗೆ ಅಡ್ಡ ಹಿಡಿಯುತ್ತಿದ್ದಳು. ಉಂಡು ಮುಗಿಸಿರುತ್ತಾರೆ ಎನ್ನಿಸಿದ ಮೇಲೆ ತೆಗೆಯುತ್ತಿದ್ದಳು.

ಗೂಡಿನ ಸಂಸಾರದ ನ್ಯಾಯವನ್ನು ಅವಳು ಒಂದೇ ವಾರದಲ್ಲಿ ತೀರ್ಮಾನಿಸಿಬಿಟ್ಟಿದ್ದಳು. ಗೂಡಿನಲ್ಲಿ ಇಬ್ಬರು. ಒಬ್ಬ ಗಾತ್ರದಲ್ಲಿ ದೊಡ್ಡವನು, ಎದೆಯ ಮೇಲೆ ಕಂದು ಪಟ್ಟಿ, ದಿನವಿಡೀ ಗೂಡಿನಲ್ಲೇ ಠಿಕಾಣಿ. ಅವನು ಗಂಡ, ಜಗಲಿ ಯಜಮಾನ. ಇನ್ನೊಬ್ಬಳು ಸಣ್ಣವಳು, ಚುರುಕಿನವಳು, ಮಳೆ ಗಾಳಿ ಎನ್ನದೆ ಮೀನು ತಂದು ಹಾಕಿ ಮತ್ತೆ ಓಡುವವಳು. ಅವಳು ಹೆಂಡತಿ, ಮಾದೇವಿ. ಅವಳು ತಂದದ್ದನ್ನು ಕಿತ್ತುಕೊಂಡು ಮರಿಗಳಿಗೆ ತುಂಡು ತುಂಡು ಮಾಡಿ ಕೊಡುವುದೂ ಯಜಮಾನನೇ. ಎಂಡ್ತಿ ದುಡುದು ತಂದಿದ್ದ ತಾನು ಬಡಿಸೋ ಜಂಬ ನೋಡು ಎಂದು ದೊಡ್ಡಮ್ಮನ ಟೀಕೆ.

ಈ ಮಾತೆಲ್ಲ ಹಕ್ಕಿಗೆ ಮಾತ್ರ ಎಂದು ತಿಳಿಯಬೇಡಿ. ದೊಡ್ಡಪ್ಪ ಮಂಡಿನೋವಿನವರು, ಐದಾರು ವರ್ಷದಿಂದ ಹೊಲದ ಕಡೆ ಕಾಲಿಟ್ಟಿಲ್ಲ. ಅರಿಶಿನ, ಬೆಳ್ಳುಳ್ಳಿ, ಆಳುಕಾಳು ಎಲ್ಲ ದೊಡ್ಡಮ್ಮನದೇ.

"ನೋಡಿ ನಿಮ್ಮಣ್ಣನ. ಬೆಳಿಗ್ಗೆ ಕುಂತವ್ನು ಇನ್ನೂ ಕುಂತೇ ಅವ್ನೆ" ಎನ್ನುವಳು.

"ಅವ್ನಿಗೂ ಮಂಡಿನೋವು ಇರ್ಬೋದು ಕಣೆ" ಎನ್ನುವರು ದೊಡ್ಡಪ್ಪ, ಹುಣಸೆಹಣ್ಣಿನ ಬೀಜ ಬಿಡಿಸುತ್ತ.

ಈ ವರ್ಷ ಮೂರು ಮರಿ. ಮೂರನೆಯದು ಪೀಚು. ಅಣ್ಣಂದಿರು ಕುಟುಕಿ ಕುಟುಕಿ ಮೂಲೆಗೆ ತಳ್ಳುತ್ತಿದ್ದರು. ದೊಡ್ಡಮ್ಮ ಅದಕ್ಕೆ ಪುಟ್ಮಾದ ಎಂದು ಹೆಸರಿಟ್ಟಳು. ಅದೇ ಹೊತ್ತಿಗೆ ಅವಳ ಬಲಗಣ್ಣಿನ ಪೊರೆ ಬಲಿತು ಬಂದಿತ್ತು. ಎಡಗಣ್ಣು ಮೊದಲಿಂದಲೂ ಮಂದ, ಇರುವುದು ಇದೊಂದೇ. ಇನ್ನೂ ಬಿಟ್ಟರೆ ಕಣ್ಣಿಗೇ ಸಂಚಕಾರ ಎಂದು ಚಾಮರಾಜನಗರದ ಡಾಕ್ಟರು ದಿನ ಗೊತ್ತುಮಾಡಿದರು. ಆಪರೇಷನ್ ಆದಮೇಲೆ ಕೆಲವು ದಿನ ಫೋನು ನೋಡಬಾರದು ಎಂಬ ಒಂದು ಮಾತನ್ನೂ ಸೇರಿಸಿದರು. ದೊಡ್ಡಮ್ಮ ಹೋಗಲಿಲ್ಲ. ಇನ್ನೊಂದು ದಿನ ಕೊಟ್ಟರು. ಅದಕ್ಕೂ ಹೋಗಲಿಲ್ಲ.

"ಪುಟ್ಮಾದ ಹಾರೋಗಂಟ ನಾ ಬರಕಿಲ್ಲ ಕಣಮ್ಮಿ" ಎಂದಳು ನನಗೆ. "ಆ ಸೋಂಬೇರಿ ಕೈಲಿ ಮಗ ಬುಟ್ಟು ಎಂಗ್ ಓಗನೆ? ಅವ್ಳೇನೋ ದುಡಿಯಕ್ಕೆ ಒಂಟೋಯ್ತಳೆ. ಇವ್ನು ತೂಕಡುಸ್ತಾ ಕುಂತಿರ್ತನೆ."

ಕಣ್ಣಿನ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನನ್ನ ಮಾತಿಗೆ ಬೆಲೆಯಿರಲಿಲ್ಲ.

ವಿಮಾನ ನಿಲ್ದಾಣ

ನಾನು ಹೊರಡುವ ದಿನ ದೊಡ್ಡಮ್ಮ ಒಂದು ವಿಭೂತಿ ಗಟ್ಟಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಚೀಲದೊಳಗೆ ಇಟ್ಟಿದ್ದಳು. ಸಾಧ್ಯವಾದರೆ ಆ ಮರದ ಬುಡಕ್ಕೆ ಹಚ್ಚಬೇಕಂತೆ. ಅಲ್ಲಿ ಇಳಿದ ಮೇಲೆ ಕೈಚೀಲ ತೆಗೆಸಿದ ಅಧಿಕಾರಿ ಆ ಬಿಳೀ ಗಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದೇನು ಎಂದ. ಹಸುವಿನ ಸಗಣಿ ಸುಟ್ಟ ಬೂದಿ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿದ ಮೇಲೆ ಅವನ ಮುಖ ಇನ್ನೂ ಗಟ್ಟಿಯಾಯಿತು. ಇನ್ನು ಮಾತು ಉಪಯೋಗವಿಲ್ಲ ಎನ್ನಿಸಿ, ಬೆರಳು ಒದ್ದೆ ಮಾಡಿಕೊಂಡು ಗಟ್ಟಿಯ ಮೇಲೆ ಉಜ್ಜಿ, ಅವನ ಕಣ್ಣೆದುರೇ ಹಣೆಗೆ ಮೂರು ಪಟ್ಟೆ ಎಳೆದುಕೊಂಡೆ. ಅವನು ಇನ್ನೊಬ್ಬರನ್ನು ಕರೆದ. ಆಕೆ ಮೂಸಿದಳು, ಯಂತ್ರಕ್ಕೆ ಹಾಕಿದಳು, ಅರ್ಧ ಗಂಟೆಯ ಮೇಲೆ ಎರಡೂ ಕೈಯಲ್ಲಿ ತಂದು ಕೊಟ್ಟಳು. ಕ್ಷಮಿಸಿ ಎಂದು ನಾಲ್ಕು ಸಲ ಹೇಳಿದಳು. ನಮ್ಮಲ್ಲಿ ತಪ್ಪು ಮಾಡಿದವರು ಒಂದು ಸಲ ಹೇಳಿದರೆ ಅದೇ ಹೆಚ್ಚು. ಅಲ್ಲಿ ತಪ್ಪೇ ಮಾಡದವರು ಹೇಳುತ್ತಾರೆ.

ಸೂಸಿಯ ಊರು

ಸೂಸಿ ಡ್ಯೂಟಿಗೆ ಹೋದಾಗ ನಾನೊಬ್ಬಳೇ ಪೇಟೆಗೆ ಹೊರಟೆ. ಬಸ್ಸು ಬಂತು, ಹತ್ತಿದೆ, ಕಿಟಕಿ ಪಕ್ಕ ಕೂತೆ, ಕಂಡಕ್ಟರ್ ಬರಲಿ ಎಂದು ಕಾದೆ. ಬಸ್ಸು ಹೊರಡಲಿಲ್ಲ. ಡ್ರೈವರ್ ಮುಂದೆ ನೋಡಿಕೊಂಡು ಸುಮ್ಮನೆ ಕೂತಿದ್ದ. ಹತ್ತು ಹನ್ನೆರಡು ಜನ ಪುಸ್ತಕ, ಫೋನು ನೋಡುತ್ತ ಕೂತಿದ್ದರು. ಬಹುಶಃ ಇಂಜಿನ್ ಕೆಟ್ಟಿದೆ ಎಂದುಕೊಂಡು ನಾನೂ ಅವರ ಹಾಗೇ ಗಂಭೀರವಾಗಿ ಕೂತೆ. ಸುಮಾರು ಹೊತ್ತಾದ ಮೇಲೆ ಮುಂದಿನ ಸೀಟಿನ ಹೆಂಗಸು ತಿರುಗಿ, ಗುಟ್ಟು ಹೇಳುವವಳಂತೆ, ಡ್ರೈವರ್ ಹತ್ತಿರವೇ ಟಿಕೆಟ್ ತೆಗೆದುಕೊಳ್ಳಬೇಕು ಎಂದಳು. ಇಡೀ ಬಸ್ಸು ನನಗಾಗಿ ನಿಂತಿತ್ತು! ತೆರಕಣಾಂಬಿಯ ಬಸ್ಸಾಗಿದ್ದರೆ ಅರ್ಧ ನಿಮಿಷದಲ್ಲಿ ಯಾರವ್ವ ಅದು ಎಂದು ಹಿಂದಿನ ಸೀಟಿನಿಂದ ಕೂಗಿ, ನನ್ನ ಊರು, ಮನೆತನ ಎಲ್ಲ ವಿಚಾರಿಸಿ ಆಗಿರುತ್ತಿತ್ತು. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿದರು. ನಾನು ಎರಡು ಸಲ ಹೇಳಿದೆ.

ಹೋದ ಎರಡನೆಯ ವಾರ ಗುಡುಗು ಸಿಡಿಲಿನ ಮಳೆ ಬಂತು. ಮಾರನೆಯ ದಿನ ಗೂಡಿನ ಚಿತ್ರ ಬರಬೇಕಾದ ಕಡೆ ಕಪ್ಪು. ಅಷ್ಟು ಹೊತ್ತಿಗೆ ಅಣ್ಣಂದಿರಿಬ್ಬರೂ ಹಾರಿಯಾಗಿತ್ತು. ಪುಟ್ಮಾದ ಗೂಡಿನ ಅಂಚಿನಲ್ಲಿ ರೆಕ್ಕೆ ಬಡಿಯುತ್ತ ನಿಂತಿದ್ದಷ್ಟೇ ದೊಡ್ಡಮ್ಮ ಕಡೆಯದಾಗಿ ಕಂಡದ್ದು. ಮರಿ ಗೂಡಿನಲ್ಲಿರುವಾಗ ಯಾರಾದರೂ ಮರದ ಹತ್ತಿರ ಹೋದರೆ ಅದು ಹೆದರಿ ಕೆಳಕ್ಕೆ ಹಾರಿಬಿಡಬಹುದು, ಹಾಗಾಗಿ ಅದು ಹೊರಡುವವರೆಗೆ ಕ್ಯಾಮೆರಾ ರಿಪೇರಿ ಇಲ್ಲ ಎಂದು ಗೂಡು ಕಾಯುವವರು ಬರೆದಿದ್ದರು.

ದೊಡ್ಡಮ್ಮನ ಫೋನು ಬಂತು. ಅಲ್ಲೇ ಇದೀಯಲ್ಲ, ಒಂದ್ ಗಳಿಗೆ ಓಗಿ ನೋಡ್ಕಂಡು ಬಾ ಎಂದಳು, ಪಕ್ಕದ ಬೀದಿಗೆ ಹೋಗಿ ಮೊಸರು ತಾ ಎಂದಷ್ಟು ಸಲೀಸಾಗಿ. ಅದು ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಡಾಕ್ಟರು ಕೊಟ್ಟ ಮೂರನೆಯ ದಿನ ಮುಂದಿನ ಗುರುವಾರ. ಈ ಸಲವೂ ತಪ್ಪಿಸಿದರೆ ನಾನು ಜವಾಬ್ದಾರನಲ್ಲ ಎಂದು ಅವರು ಹೇಳಿಯಾಗಿತ್ತು. ಸೂಸಿ ರಜೆ ಹಾಕಿದಳು. "ಅಮ್ಮಚ್ಚಿಯ ಅವರೆಕಾಳು ಸಾರಿನ ಋಣ ಅಲ್ವೇನೆ" ಎಂದಳು. ದೊಡ್ಡಮ್ಮನನ್ನು ಅವಳು ಕರೆಯುವುದೇ ಅಮ್ಮಚ್ಚಿ ಎಂದು.

ಕೆರೆಯ ದಾರಿ

ಮಂಗಳವಾರ ಹೊರಟೆವು. ದಾರಿಯುದ್ದಕ್ಕೂ ಕುರಿ. ಕಾಯುವವರೇ ಇಲ್ಲ. ಮಂಜು ಇಳಿದು ಬೋಳುಗುಡ್ಡಗಳ ತಲೆ ಮುಚ್ಚಿದಾಗ ನನಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೆಟ್ಟಿಲ ಮೇಲೆ ನಿಂತ ಹಾಗಾಯಿತು. ಆನೆಯ ಭಯ ಒಂದಿಲ್ಲ, ಅಷ್ಟೆ. ಅದರ ಬದಲಿಗೆ ಸಾಸಿವೆಗಿಂತ ಸಣ್ಣ ನೊರಜು. ಕಾರಿನಿಂದ ಇಳಿದ ಮೂರು ನಿಮಿಷಕ್ಕೆ ಮುಖ, ಕಿವಿ, ಸೆರಗಿನೊಳಗೆ ಎಲ್ಲ ಕಚ್ಚಿ ಉರಿಸಿದವು. ಅಲ್ಲಿಯ ಜನ ತಲೆಗೆ ಬಲೆಚೀಲ ಹಾಕಿಕೊಂಡು ನಡೆದಾಡುತ್ತಿದ್ದರು. ಸೂಸಿ ನನಗೂ ಒಂದು ಹಾಕಿದಳು. ರೇಷ್ಮೆಹುಳುವಿನ ಮನೆಗೆ ನೊಣ ಬಾರದ ಹಾಗೆ ಕಟ್ಟುವ ಬಲೆ ನೆನಪಾಯಿತು. ಒಳಗಿರುವ ಹುಳು ನಾನು.

ದಾರಿಯಲ್ಲೇ ದೊಡ್ಡಪ್ಪನ ಫೋನು ಬಂತು. ದನಿ ತಗ್ಗಿಸಿದ್ದರು. ಕೊಟ್ಟಿಗೆಯ ಹಿಂದೆ ನಿಂತು ಮಾತಾಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

"ರತ್ನಿ, ನೀ ಏನಾರ ನೋಡು, ನೋಡ್ದೆ ಇರು. ಹಾರ್ಬುಡ್ತು ಅಂತ ಏಳ್ಬುಡು ಮಗ. ಮೊನ್ನೆ ಒಲೆ ಮೇಲಿನ ಪಾತ್ರೆ ಅಂತ ಗಾಳೀಲಿ ಕೈ ಇಟ್ಳು. ನಂಗೆ ಎದೆ ಒಡ್ದೋಯ್ತು. ಅವ್ಳ ಮುಂದೆ ನಾ ತೋರಿಸ್ಕಳಕ್ಕಾಯ್ತದಾ?"

ಆಗಲಿ ದೊಡ್ಡಪ್ಪ ಎಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಇರುವೆ ಕಚ್ಚಿದ ಹಾಗೆ ಆಗುತ್ತದೆ ಅಷ್ಟೆ ಎಂದು ಹೇಳಿ ಎಷ್ಟು ಸೂಜಿ ಚುಚ್ಚಿಲ್ಲ ನಾನು!

ಮರೆಗುಡಿಸಲು

ಕೆರೆಯ ಈಚೆ ದಂಡೆಯಲ್ಲಿ ಒಂದು ಮರದ ಗುಡಿಸಲು. ಉದ್ದಕ್ಕೆ ಸೀಳುಕಿಟಕಿ, ಒಂದು ಬೆಂಚು, ಮೂರು ಕಾಲಿನ ಮೇಲೆ ಒಂದು ದೂರದರ್ಶಕ. ಅಂದು ಕಾವಲಿಗಿದ್ದವಳು ಮೋರಾಗ್ ಎಂಬ ಅಜ್ಜಿ. ಶಾಲೆಯಲ್ಲಿ ಅಡಿಗೆ ಮಾಡಿ ನಿವೃತ್ತಳಾದವಳಂತೆ. ಸಂಬಳವಿಲ್ಲ, ಭತ್ಯೆಯಿಲ್ಲ; ವಾರಕ್ಕೆ ಮೂರು ದಿನ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಬಂದು ಕೂತು, ಹಕ್ಕಿ ಬಂದದ್ದು ಹೋದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಸೂಸಿ ಪರಿಚಯ ಹೇಳಿದಳು. ಮೂರು ವರ್ಷದಿಂದ ದಕ್ಷಿಣ ಇಂಡಿಯಾದ ಒಂದು ಜಗಲಿಯಿಂದ ಈ ಗೂಡನ್ನು ನೋಡುತ್ತಿದ್ದಾರೆ ಎಂದು ಕೇಳಿ ಮೋರಾಗ್ ತನ್ನ ಜಾಗ ಬಿಟ್ಟುಕೊಟ್ಟಳು.

ಕಣ್ಣಿಟ್ಟೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಮರದ ತುದಿ, ಕಡ್ಡಿಗಳ ರಾಶಿ, ಅದರ ಅಂಚಿನಲ್ಲಿ ಪುಟ್ಮಾದ. ಇದ್ದ! ಹಾರಿರಲಿಲ್ಲ, ಬಿದ್ದೂ ಇರಲಿಲ್ಲ. ಪಕ್ಕದಲ್ಲಿ ಕಲ್ಲಿನ ಬಸವನ ಹಾಗೆ ಜಗಲಿ ಯಜಮಾನ. ಬೇಳೆ ಡಬ್ಬದ ಮುಂದೆ ಅಂಗೈಯಗಲ ಕಂಡಿದ್ದ ಸಂಸಾರ, ಗಾಳಿಗೆ ಪುಕ್ಕ ಹಾರಿಸಿಕೊಂಡು ನಿಜವಾಗಿ ಅಲ್ಲಿತ್ತು. ನನ್ನ ಕಣ್ಣು ತುಂಬಿ ಮತ್ತೆ ಏನೂ ಕಾಣದ ಹಾಗಾಯಿತು.

ಆ ಸೋಮಾರಿ ಗಂಡ ಇವತ್ತೂ ಕೂತೇ ಇದ್ದಾನಲ್ಲ ಎಂದೆ. ಸೂಸಿ ಅದನ್ನು ಇಂಗ್ಲಿಷಿನಲ್ಲಿ ಮೋರಾಗ್‌ಗೆ ಹೇಳಿದಳು. ಮೋರಾಗ್ ಯಾವ ಗಂಡ ಎಂದಳು. ತೋರಿಸಿದೆ. ಅವಳು ನಗತೊಡಗಿದಳು. ಗುಡಿಸಲಿನಲ್ಲಿ ಸದ್ದು ಮಾಡಬಾರದಾದ್ದರಿಂದ ಬಾಯಿಗೆ ಟೋಪಿ ಒತ್ತಿಕೊಂಡು, ಭುಜ ಕುಣಿಸಿಕೊಂಡು ನಕ್ಕಳು. ನಗು ಮುಗಿದ ಮೇಲೆ ವಿವರಿಸಿದಳು. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು. ಎದೆಯ ಮೇಲೆ ಆ ದಟ್ಟ ಕಂದು ಪಟ್ಟಿ ಇರುವುದೂ ಹೆಣ್ಣಿಗೇ. ಕೂತಿರುವವಳು ತಾಯಿ. ಮೀನು ತಂದು ಹಾಕಿ ಓಡುವ ಚುರುಕಿನವನು ತಂದೆ. ಮೊನ್ನೆಯ ಸಿಡಿಲುಮಳೆಯಲ್ಲಿ ಆಕೆ ಮರಿಯ ಮೇಲೆ ರೆಕ್ಕೆ ಬಿಚ್ಚಿ ಬೆಳಗಿನವರೆಗೆ ಹಾಗೇ ನಿಂತಿದ್ದಳು ಎಂದಳು.

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಮೂರು ವರ್ಷ! ಮೂರು ವರ್ಷ ಬೈದದ್ದು ಬಾಣಂತಿಯನ್ನು.

ಮರದ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲವಾಗಿ ವಿಭೂತಿಯನ್ನು ದೂರದರ್ಶಕದ ಮೂರು ಕಾಲಿಗೂ ಹಚ್ಚಿದೆ. ಮೋರಾಗ್ ಟೋಪಿ ತೆಗೆದು ತನ್ನ ಹಣೆಯನ್ನೂ ಮುಂದೆ ಮಾಡಿದಳು.

ಗುಡ್ಡದ ಮೇಲೆ

ಬುಧವಾರ ಬೆಳಗಿನಿಂದ ಕಾದೆವು. ಪುಟ್ಮಾದ ರೆಕ್ಕೆ ಬಿಚ್ಚುವನು, ಕೆಳಗೆ ನೋಡುವನು, ಮಡಚುವನು. ಸೂಸಿ ಫೋನನ್ನು ದೂರದರ್ಶಕದ ಕಣ್ಣಿಗೆ ಹಿಡಿದು ಫೋಟೋ ತೆಗೆಯಲು ನೋಡಿದಳು. ಸಿಕ್ಕಿದ್ದು ದೋಸೆ ಕಾವಲಿಯಂಥ ಕಪ್ಪು ವೃತ್ತ. ಸಿಗ್ನಲ್ ಬೇಕಾದರೆ ಹಿಂದಿನ ಗುಡ್ಡ ಹತ್ತಬೇಕು. ಹತ್ತು ಗಂಟೆಗೆ ಹತ್ತಿದೆ. ಊರಿನಲ್ಲಿ ಆಗ ಮಧ್ಯಾಹ್ನ ಎರಡೂವರೆ. ಸುಳ್ಳನ್ನು ಬಾಯಿಯಲ್ಲಿ ಸಿದ್ಧ ಇಟ್ಟುಕೊಂಡಿದ್ದೆ.

"ಹಾರ್ತಾ?" ಎಂದಳು ದೊಡ್ಡಮ್ಮ. ಇನ್ನೇನೂ ಕೇಳಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಆ ಯಜಮಾನ ಅತ್ರ ಅವ್ನಾ, ಇಲ್ಲ ಎಲ್ಲಾರ ಓಗಿ ಮಲಗ್ದನಾ?" ಎಂದಳು.

"ಅತ್ರಾನೇ ಅವ್ಳೆ ದೊಡ್ಡಮ್ಮ" ಎಂದುಬಿಟ್ಟೆ.

"ಅವ್ಳೆ ಅಂದ್ರೆ?"

ಇನ್ನು ಮುಚ್ಚಿಡುವಂತಿರಲಿಲ್ಲ. ಎಲ್ಲ ಹೇಳಿದೆ. ಕೂತಿರುವವಳೇ ಹೆಣ್ಣು ಎಂದು, ಮಾದೇವಿ ಎಂದು ನಾವು ಕರೆಯುತ್ತಿದ್ದವನು ಗಂಡು ಎಂದು, ಸಿಡಿಲಿನಲ್ಲಿ ರೆಕ್ಕೆ ಹಿಡಿದು ನಿಂತದ್ದನ್ನು, ಪುಟ್ಮಾದ ಇನ್ನೂ ಹಾರಿಲ್ಲ ಎಂಬುದನ್ನೂ. ದೂರದಲ್ಲಿ ದೊಡ್ಡಪ್ಪ ಕೆಮ್ಮಿದರು. ಅವರ ಪಾಲಿಗೆ ಎಲ್ಲ ಕೆಟ್ಟಿತು ಎಂಬ ಕೆಮ್ಮು.

"ಅಂಗಾರೆ ಅವ್ಳು ಎಣ್ಣಾ?" ಎಂದಳು ದೊಡ್ಡಮ್ಮ.

"ಊಂ."

"ಮೂರ್ ವರ್ಸದಿಂದ ಗೂಡ್ ಬುಟ್ಟು ಅಲ್ಲಾಡ್ದೆ ಕುಂತಿದ್ದು ತಾಯಿಯಾ?"

"ತಾಯೀನೇ."

ಅವಳ ದನಿ ಬೇರೆಯಾಯಿತು, ಹೊಲದ ಕೆಲಸ ಹಂಚುವಾಗಿನ ದನಿ.

"ತಾಯಿ ಕುಂತವ್ಳೆ ಅಂದ್ಮೇಲೆ ನಾನ್ಯಾಕಮ್ಮಿ ಕಾಯ್ಬೇಕು? ಅವ್ಳಿಗೆ ಗೊತ್ತಿಲ್ವಾ? ಆ ಸೋಂಬೇರಿ ನಂಬಿ ಎಂಗ್ ಓಗನೆ ಅಂತಲ್ವಾ ನಾ ಕುಂತಿದ್ದು." ಹಿಂದಕ್ಕೆ ತಿರುಗಿ, "ಕೇಳುದ್ರಾ? ನಾಳೀಕೆ ಆಟೋ ಏಳಿ. ಎಂಟು ಗಂಟ್ಗೆ ನಗರಕ್ಕೆ ಒಂಡನ" ಎಂದಳು.

ದೊಡ್ಡಪ್ಪ ಫೋನು ಇಸಿದುಕೊಂಡರು. ಅಲ್ಲಿ ಚಳಿಯಾ ಎಂದು ಕೇಳಿದರು.

ಗುರುವಾರ

ಆಪರೇಷನ್ ಮುಗಿದು ದೊಡ್ಡಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹಾಸಿಗೆಯಲ್ಲಿ ಕೂತಿದ್ದಾಳೆ ಎಂದು ದೊಡ್ಡಪ್ಪನ ಸಂದೇಶ ಬೆಳಿಗ್ಗೆ ಗುಡ್ಡ ಹತ್ತಿದಾಗಲೇ ಬಂದಿತ್ತು. ನಾನು ನಿಶ್ಚಿಂತೆಯಾಗಿ ಗುಡಿಸಲಿನಲ್ಲಿ ಕೂತೆ. ನಾವು ಹೊರಡಲು ಒಂದು ಗಂಟೆ ಉಳಿದಿತ್ತು. ಮೋರಾಗ್ ಕೊಟ್ಟ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದೆ. ಅವಳು ನನ್ನ ಮೊಣಕೈ ಹಿಡಿದಳು.

ಅವನು ಹಾರಿದ ಎನ್ನುವುದಕ್ಕಿಂತ ಗಾಳಿ ಅವನನ್ನು ಎತ್ತಿತು ಎನ್ನಬೇಕು. ಎಂದಿನಂತೆ ರೆಕ್ಕೆ ಬಿಚ್ಚಿದ್ದ. ಕೆರೆಯ ಕಡೆಯಿಂದ ಒಂದು ಬೀಸು ಬಂತು. ಕಾಲು ಗೂಡು ಬಿಟ್ಟಿತು. ಅವನಿಗೇ ಅದು ತಿಳಿಯಲು ಸ್ವಲ್ಪ ಹೊತ್ತಾದಂತಿತ್ತು. ಕಾಲು ಜೋತುಬಿಟ್ಟುಕೊಂಡು, ಈಜು ಬಾರದವನು ನೀರು ಬಡಿದ ಹಾಗೆ ಬಡಿಯುತ್ತ, ಓರೆಯಾಗಿ ನೀರಿನ ಮೇಲಕ್ಕೆ ಬಂದ. ಇಳಿದ, ಇನ್ನೂ ಇಳಿದ. ಆಮೇಲೆ ಏರಿದ. ದೊಡ್ಡವಳು ಗೂಡಿನಿಂದ ಕದಲಲಿಲ್ಲ. ತಲೆ ಮಾತ್ರ ಅವನು ಹೋದ ಕಡೆಗೆಲ್ಲ ತಿರುಗುತ್ತಿತ್ತು. ಮೋರಾಗ್ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಳು. ಬರೆದದ್ದು ಒಂದೇ ಸಾಲು.

ಗುಡ್ಡ ಹತ್ತುವಾಗ ನನಗೆ ಅರವತ್ತು ದಾಟಿದೆ ಎಂಬುದು ನೆನಪಿಗೇ ಬರಲಿಲ್ಲ. ದೊಡ್ಡಪ್ಪ ಫೋನೆತ್ತಿದರು. ಹೇಳಿದೆ. ದೊಡ್ಡಮ್ಮನಿಗೆ ಕೊಡಿ ಎಂದೆ.

"ತಡಿ ಮಗ" ಎಂದರು. "ನಾನೇ ಏಳ್ತಿನಿ."

ಆಮೇಲೆ ಅವರ ದನಿ ಕೇಳಿಸುತ್ತಲೇ ಇತ್ತು. ನಾನು ಹೇಳಿದ ನಾಲ್ಕು ಮಾತನ್ನು ಅವರು ನಲವತ್ತು ಮಾಡಿ, ನಿಧಾನವಾಗಿ, ಪಟ್ಟಿ ಕಟ್ಟಿದ ಕಣ್ಣಿನವಳಿಗೆ ಹೇಳುತ್ತಿದ್ದರು. ರೆಕ್ಕೆ ಬಿಚ್ಚಿದನಂತೆ, ಗಾಳಿ ಬಂತಂತೆ, ನೀರಿನ ಮೇಲೆ ಮೂರು ಸುತ್ತು ಹಾಕಿದನಂತೆ. ಸುತ್ತಿನ ವಿಷಯ ನಾನು ಹೇಳಿರಲಿಲ್ಲ. ಆಮೇಕೆ, ಆಮೇಕೆ ಎಂದು ದೊಡ್ಡಮ್ಮ ಕೇಳುತ್ತಿದ್ದಳು. ನಾನು ಫೋನು ಇಡದೆ, ನೊರಜು ಕಚ್ಚಿಸಿಕೊಳ್ಳುತ್ತ, ಆ ಗುಡ್ಡದ ಮೇಲೆ ನಿಂತು ಪೂರ್ತಿ ಕೇಳಿದೆ.

ಮತ್ತೆ ತೆರಕಣಾಂಬಿ

ಆಗಸ್ಟ್ ಕೊನೆಗೆ ಊರಿಗೆ ಬಂದೆ. ಬಸ್ಸು ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಎಂದೆ. ಅವನು ಏನು ಬಿಟ್ಟು ಇಳಿದೆನೋ ಎಂದು ನನ್ನ ಸೀಟಿನ ಕಡೆ ನೋಡಿದ.

ಮನೆಯ ಜಗಲಿಯ ಮೇಲೆ ದೊಡ್ಡಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ಇನ್ನೂ ಸ್ವಲ್ಪ ದಿನ ಬಗ್ಗಬಾರದು, ಒಲೆಯ ಹೊಗೆಗೆ ಹೋಗಬಾರದು, ಭಾರ ಎತ್ತಬಾರದು. ಹೀಗಾಗಿ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದುದು ದೊಡ್ಡಪ್ಪ. ಫೋನು ನೋಡಲು ಡಾಕ್ಟರ ಅಪ್ಪಣೆ ಸಿಕ್ಕಿತ್ತು. ಬೇಳೆ ಡಬ್ಬಕ್ಕೆ ಒರಗಿಕೊಂಡು ಅದು ತನ್ನ ಜಾಗದಲ್ಲಿತ್ತು. ಕ್ಯಾಮೆರಾ ಸರಿಯಾಗಿತ್ತು. ಗೂಡಿನಲ್ಲಿ ಪುಟ್ಮಾದ ಒಬ್ಬನೇ ನಿಂತು ಅರಚುತ್ತಿದ್ದ. ಹಾರಲು ಕಲಿತ ಮೇಲೂ ಊಟಕ್ಕೆ ಮನೆಗೇ ಬರುತ್ತಾರೆ ಎಂದು ಮೋರಾಗ್ ಹೇಳಿದ್ದಳು.

ದೊಡ್ಡಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ಹೊಸ ಕಣ್ಣಿನಿಂದ ನೋಡಿದಳು. ಕೂದ್ಲು ಇಷ್ಟು ನರೆತದಾ ಎಂದಳು. ಆಮೇಲೆ ಫೋನಿನ ಕಡೆ ಗಲ್ಲ ತೋರಿಸಿ, "ಎಂಟು ದಿನದಿಂದ ಅವ್ಳು ಕಾಣ್ತಿಲ್ಲ ಕಣಮ್ಮಿ. ಎಲ್ಲೋದ್ಲು?" ಎಂದಳು.

ನನಗೆ ಗೊತ್ತಿತ್ತು. ಮರಿಗಳು ಹಾರಿದ ಮೇಲೆ ತಾಯಿ ಮೊದಲು ಹೊರಡುತ್ತಾಳೆ, ಸಮುದ್ರ ದಾಟಿ ಆಫ್ರಿಕಾ ಕಡೆಗೆ. ಮರಿಗಳು ತಾವೇ ಮೀನು ಹಿಡಿಯುವವರೆಗೆ, ಇಲ್ಲವೇ ಅವೂ ಹೊರಡುವವರೆಗೆ, ತಂದೆ ಅಲ್ಲೇ ಉಳಿದು ತಂದು ಹಾಕುತ್ತಾನೆ. ಹೇಳಿದೆ. ದೊಡ್ಡಮ್ಮ ಕೇಳಿಸಿಕೊಂಡಳು.

ದೊಡ್ಡಪ್ಪ ಒಳಗಿನಿಂದ ಬಂದರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಮೂರು ಲೋಟ ಕಾಫಿ ಇಟ್ಟ ತಟ್ಟೆ. ಹೊಸ್ತಿಲು ದಾಟುವಾಗ ಮಂಡಿ ಹಿಡಿದು ಒಂದು ಗಳಿಗೆ ನಿಂತರು. ತಟ್ಟೆಯಲ್ಲಿ ಅರ್ಧ ಲೋಟದಷ್ಟು ಚೆಲ್ಲಿತ್ತು.

ಅದೇ ಹೊತ್ತಿಗೆ ಫೋನಿನಲ್ಲಿ ರೆಕ್ಕೆಯ ಸದ್ದಾಯಿತು. ಸಣ್ಣವನು ಬಂದಿಳಿದ. ಕಾಲಲ್ಲಿ ಇನ್ನೂ ಮಿಡಿಯುತ್ತಿದ್ದ ಮೀನು. ದೊಡ್ಡಮ್ಮನ ಕೈ ಅಭ್ಯಾಸಬಲದಿಂದ ಪಕ್ಕದ ಸ್ಟೀಲ್ ತಟ್ಟೆಗೆ ಹೋಯಿತು. ಅರ್ಧ ಎತ್ತಿದವಳು ಮತ್ತೆ ಕೆಳಗಿಟ್ಟಳು.

"ಇರ್ಲಿ ಬುಡು" ಎಂದಳು. "ಪಾಪ, ಅಷ್ಟು ದೂರದಿಂದ ತಂದವ್ನೆ."

ಆಮೇಲೆ ಕೈ ಚಾಚಿ, ಚೆಲ್ಲಿಹೋಗಿ ಅರ್ಧವಾಗಿದ್ದ ಲೋಟವನ್ನೇ ತನಗೆ ತೆಗೆದುಕೊಂಡಳು.